ಮರೆವಿನ ರೋಗವೂ ಮನೆಯವರೂ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಿರಿಯರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕಿದಾಗ ನಾವು ಈ ಮಾತನ್ನಾಡಿ ನಗುವೆವು. ಅವರೂ ನಮ್ಮೊಡನೆ ನಗುವರು. ವರಕವಿ ಬೇಂದ್ರೆಯವರು ತಮ್ಮ ಅರವತ್ತರ ಸುಮಾರಿನಲ್ಲಿ ಹೊರತಂದ ಕವನಸಂಗ್ರಹಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅರವತ್ತಾದವರಿಗೆಲ್ಲ ಬುದ್ಧಿ ಮಂಕಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗಾದೆಯು ನಗೆಯ ಮಾತಾಗಿರುವಷ್ಟು ಕಾಲ ಅದರಿಂದ ಅಪಾಯವಿಲ್ಲ. ಅದೇ ರೋಗದ ಹೆಸರಾಗಿ ಕುಳಿತರೆ ಅಪಾಯವುಂಟು. ನಮ್ಮ ಮನೆಯಲ್ಲಿ ಎರಡು ವರ್ಷಗಳ ಕಾಲ ಅದು ಹಾಗೆ ಕುಳಿತಿತ್ತು.

ನಾನು ಅರಸೀಕೆರೆಯ ಕಡೆಯ ತೆಂಗಿನ ತೋಟದ ಮನೆಯವನು. ನಮ್ಮ ಅಜ್ಜಿಗೆ ಓದು ಬರಹ ತಿಳಿಯದು. ಆದರೆ ಕಾಯಿ ಕೆಡವಿದ ದಿನ ಲೆಕ್ಕವೆಲ್ಲ ಅವರದೇ. ನೂರಕ್ಕೊಂದು ಕಲ್ಲು ಸೆರಗಿನಲ್ಲಿಟ್ಟುಕೊಂಡು ಸಾವಿರಾರು ಕಾಯಿಗಳನ್ನು ಎಣಿಸಿ ಮುಗಿಸುವರು. ತಿಪಟೂರಿನ ಕೊಬ್ಬರಿ ವ್ಯಾಪಾರದವರಿಗೂ ಅವರ ಲೆಕ್ಕದ ಮೇಲೆ ನಂಬಿಕೆಯಿತ್ತು. ಒಂದು ಸಲ ಆ ಲೆಕ್ಕ ತಪ್ಪಿತು. ಮರುಸಲವೂ ತಪ್ಪಿತು. ಮೂರನೆಯ ಸಲ ಅಜ್ಜಿ ಕಲ್ಲುಗಳನ್ನು ಕೈಯಲ್ಲಿ ಹಿಡಿದುಕೊಂಡು, ಇವು ಏತಕ್ಕೆಂಬಂತೆ ನೋಡುತ್ತ ನಿಂತರು. ಅಪ್ಪ ನಕ್ಕರು. ನಾನೂ ನಕ್ಕೆ. ಆಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನೇ ಮಧ್ಯಾಹ್ನದೊಳಗೆ ಹತ್ತು ಸಲ ಕೇಳಿದರು. ಎಲೆಅಡಿಕೆ ಚೀಲ ಕಾಣದಾದಾಗ ಸೊಸೆಯೇ ಕದ್ದಳೆಂದು ಕೇರಿಗೆಲ್ಲ ಸಾರಿದರು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಬಾಳಿದ ಅತ್ತೆಯಿಂದ ಆ ಮಾತನ್ನು ಕೇಳಿ ಅಮ್ಮ ಹಿತ್ತಲಿಗೆ ಹೋಗಿ ಅತ್ತುದನ್ನು ನಾನು ಬಲ್ಲೆ. ಹತ್ತಿರದ ಊರಿನ ವೈದ್ಯರೊಬ್ಬರು ನಾಡಿ ಹಿಡಿದು, "ವಯಸ್ಸಾಯಿತಲ್ಲ, ಇನ್ನೇನು" ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ನೆರೆಯವರು ಗಾಳಿ ಸೋಂಕಿದೆಯೆಂದು ತಾಯಿತ ಕಟ್ಟಿಸಿದರು.

ನಾನು ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡವನು. ತರಗತಿಯಲ್ಲಿ ನೆನಪಿನ ಪಾಠ ನಡೆಯುತ್ತಿದ್ದಾಗ ಒಂದು ದಿನ ನಮ್ಮ ಉಪನ್ಯಾಸಕರಲ್ಲಿ ಅಜ್ಜಿಯ ಸಂಗತಿಯನ್ನು ಹೇಳಿದೆ. ಅವರು ನಗಲಿಲ್ಲ. "ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸು" ಎಂದರು. ಅಲ್ಲಿಂದ ಮುಂದೆ ನಾನು ಕಲಿತುದನ್ನು ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕೆಂದು ಅಪ್ಪಣೆ ಮಾಡಿದವರೂ ಅವರೇ.

ಡಿಮೆನ್ಶಿಯ ಎಂಬುದು ಒಂದೇ ರೋಗದ ಹೆಸರಲ್ಲ. ಜ್ವರವು ಹೇಗೆ ಹಲವು ಬೇನೆಗಳ ಗುರುತೋ ಹಾಗೆ ಇದೂ ಹಲವು ಮೆದುಳಿನ ರೋಗಗಳಿಂದ ಬರುವ ಒಂದು ಸ್ಥಿತಿ. ನೆನಪು, ಮಾತು, ದಿಕ್ಕಿನ ಅರಿವು, ಲೆಕ್ಕ, ವಿವೇಚನೆ ಇವುಗಳಲ್ಲಿ ಹಲವು ಕುಂದುತ್ತ, ನಿತ್ಯದ ಕೆಲಸವನ್ನು ಸ್ವತಂತ್ರವಾಗಿ ಮಾಡಲಾಗದ ಮಟ್ಟಕ್ಕೆ ಬಂದರೆ ಆ ಹೆಸರು ಸಲ್ಲುವುದು. ಕೆಲವರು ಇದನ್ನು ಬುದ್ಧಿಮಾಂದ್ಯವೆಂದು ಬರೆಯುವುದುಂಟು. ಅದು ಬಾಲ್ಯದಿಂದಲೇ ಬೆಳವಣಿಗೆ ಕುಂಠಿತವಾದುದಕ್ಕೆ ಹೇಳುವ ಮಾತು; ಇಲ್ಲಿ ಬಳಸಿದರೆ ತಪ್ಪಾಗುವುದು. ಇದು ತುಂಬಿದ್ದ ಕಣಜ ಬರಿದಾಗುವ ಬಗೆ. ಬೀಗದ ಕೈ ಎಲ್ಲಿಟ್ಟೆನೆಂದು ಮರೆಯುವುದು ವಯೋಧರ್ಮ. ಬೀಗದ ಕೈಯಿಂದ ಮಾಡುವುದೇನೆಂದು ಮರೆತರೆ ಅದು ರೋಗ. ಅಜ್ಜಿಯ ಕೈಯಲ್ಲಿದ್ದ ಕಲ್ಲುಗಳ ಅರ್ಥ ನನಗೆ ಆಗ ತಿಳಿಯಿತು.

ನೂರರಲ್ಲಿ ಅರವತ್ತು ಎಪ್ಪತ್ತು ಮಂದಿಗೆ ಈ ಸ್ಥಿತಿಯನ್ನು ತರುವ ರೋಗಕ್ಕೆ ಆಲ್ಝೈಮರನ ಹೆಸರಿದೆ. ಅದರ ಇತಿಹಾಸವು ಒಬ್ಬ ಗೃಹಿಣಿಯಿಂದ ಆರಂಭವಾಗುವುದು. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಮೊದಲು ಗಂಡನ ಮೇಲೆ ಕಾರಣವಿಲ್ಲದ ಸಂಶಯ, ಆಮೇಲೆ ಮರೆವು, ಅಡಿಗೆಯಲ್ಲಿ ತಪ್ಪು. ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯನು ಆಕೆಯನ್ನು ದಿನದಿನವೂ ಮಾತನಾಡಿಸಿ ಬರೆದಿಟ್ಟನು. ತಟ್ಟೆಯಲ್ಲಿ ಹೂಕೋಸು, ಮಾಂಸ ಇದ್ದವು; ಏನು ತಿನ್ನುತ್ತಿರುವೆ ಎಂದರೆ ಸೊಪ್ಪು ಎಂದಳು. ಹೆಸರು ಬರೆಯೆಂದರೆ 'ಶ್ರೀಮತಿ' ಎಂಬರ್ಥದ ಒಂದು ಪದವನ್ನು ಬರೆದು ಮುಂದಿನದನ್ನು ಮರೆತಳು. ತನ್ನನ್ನೇ ತಾನು ಕಳೆದುಕೊಂಡಿದ್ದೇನೆಂದು ಹೇಳಿದಳಂತೆ. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ಆಲ್ಝೈಮರನು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿ, ನರಕೋಶಗಳ ನಡುವೆ ಕಿಟ್ಟದಂಥ ಗಂಟುಗಳನ್ನೂ ಕೋಶಗಳ ಒಳಗೆ ಸಿಕ್ಕುಬಿದ್ದ ದಾರದಂಥ ಎಳೆಗಳನ್ನೂ ಕಂಡನು. ಆ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ಸೇರಿದ ವೈದ್ಯರ ಸಭೆಗೆ ಇದನ್ನು ಹೇಳಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! 1910ರಲ್ಲಿ ಕ್ರೆಪೆಲಿನ್ ಎಂಬ ವಿದ್ವಾಂಸನು ತನ್ನ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್ಝೈಮರನ ಹೆಸರಿಟ್ಟನು. ಆಗಸ್ಟೆಯ ಕಡತವು ಕಳೆದುಹೋಗಿದ್ದು 1995ರಲ್ಲಿ ಮತ್ತೆ ಸಿಕ್ಕಿತು.

ಆ ಕಿಟ್ಟವು ಅಮಿಲಾಯ್ಡ್ ಎಂಬ ಪ್ರೋಟೀನು, ಆ ಸಿಕ್ಕು ಟಾವ್ ಎಂಬ ಪ್ರೋಟೀನು ಎಂದು ಈಗ ತಿಳಿದಿದೆ. ರೋಗದ ಗುರುತು ಹೊರಗೆ ಕಾಣುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಇವು ಒಳಗೆ ಕೂಡತೊಡಗುವುವು. ಸಾಮಾನ್ಯವಾಗಿ ಮೊದಲು ಏಟು ಬೀಳುವುದು ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಆದುದರಿಂದಲೇ ಇಂದು ಉಂಡ ಊಟ ಮರೆತುಹೋಗಿ, ಅರವತ್ತು ವರ್ಷದ ಹಿಂದಿನ ಜಾತ್ರೆ ಕಣ್ಣಿಗೆ ಕಟ್ಟಿದಂತೆ ಉಳಿಯುವುದು. "ಹಳೆಯದೆಲ್ಲ ಸೊಗಸಾಗಿ ಹೇಳುತ್ತಾರೆ, ಬೇಕೆಂದೇ ನಾಟಕವಾಡುತ್ತಾರೆ" ಎಂದು ನಮ್ಮ ನೆಂಟರೊಬ್ಬರು ಅಂದದ್ದುಂಟು. ಅದು ನಾಟಕವಲ್ಲ, ರೋಗದ ಲಕ್ಷಣವೇ ಅದು. ಮೆದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವ ಇನ್ನೊಂದು ಬಗೆಯಿದೆ; ಅದು ಮೆಟ್ಟಿಲಿಳಿದಂತೆ ಥಟ್ಟನೆ ಕುಸಿದು, ಸ್ವಲ್ಪ ನಿಂತು, ಮತ್ತೆ ಕುಸಿಯಬಹುದು. ಮತ್ತೊಂದರಲ್ಲಿ ಇಲ್ಲದ ಜನ, ಪ್ರಾಣಿಗಳು ಕಣ್ಣಿಗೆ ಕಾಣುವುವು. ಇನ್ನೊಂದರಲ್ಲಿ ನೆನಪಿಗಿಂತ ಮೊದಲು ನಡತೆ ಕೆಡುವುದು. ಸಭ್ಯರಾದವರು ಎಲ್ಲರೆದುರು ಬಾಯಿಗೆ ಬಂದಂತೆ ಆಡತೊಡಗುವರು.

ಬೆಂಗಳೂರಿನ ವೈದ್ಯರು ಅಜ್ಜಿಯನ್ನು ನೋಡಿದ ರೀತಿ ನನಗೊಂದು ಪಾಠವಾಯಿತು. ಅವರು ಇಸವಿ ತಾರೀಖುಗಳನ್ನು ಕೇಳಲಿಲ್ಲ. ಯಾವ ಹಬ್ಬ ಕಳೆಯಿತು, ಹೊಲದಲ್ಲಿ ಈಗ ಯಾವ ಬೆಳೆ ನಿಂತಿದೆ, ಈಗ ಹೊತ್ತೆಷ್ಟು ಎಂದು ಕೇಳಿದರು. ಎಲ್ಲೆಡೆ ಬಳಕೆಯಲ್ಲಿರುವ ನೆನಪಿನ ಪರೀಕ್ಷೆಯೊಂದು 1975ರಲ್ಲಿ ಅಮೆರಿಕದಲ್ಲಿ ಆದುದು. ಅದರಲ್ಲಿ ವಾಕ್ಯ ಬರೆಯಬೇಕು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು. ಶಾಲೆಯ ಮೆಟ್ಟಿಲು ಹತ್ತದವರನ್ನು ಹಾಗೆ ಪರೀಕ್ಷಿಸಿದರೆ ಆರೋಗ್ಯವಂತರೂ ರೋಗಿಗಳಾಗುವರು. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಅದನ್ನು ಓದುಬರಹವಿಲ್ಲದವರಿಗೆ ಹೊಂದುವಂತೆ ತಿದ್ದಿದರು. ಆಮೇಲೆ ರಕ್ತ ತೆಗೆದು ಥೈರಾಯ್ಡ್, ಸಕ್ಕರೆ, ಬಿ12 ಎಂಬ ಜೀವಸತ್ವ ಇವುಗಳನ್ನು ನೋಡಿದರು. ತಲೆಯ ಸ್ಕ್ಯಾನ್ ಮಾಡಿಸಿದರು. ಇದರ ಕಾರಣವನ್ನು ನನ್ನ ಸಹಪಾಠಿಗಳು ಚೆನ್ನಾಗಿ ಗಮನಿಸಬೇಕು. ಥೈರಾಯ್ಡ್ ಕುಂದಿದರೂ, ಬಿ12 ಕಡಿಮೆಯಾದರೂ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದರೂ, ಮನಸ್ಸಿಗೆ ಖಿನ್ನತೆ ಹಿಡಿದರೂ ಮರೆವು ಬರುವುದು, ಮತ್ತು ಇವಕ್ಕೆಲ್ಲ ಚಿಕಿತ್ಸೆಯುಂಟು. "ವಯಸ್ಸಾಯಿತಲ್ಲ" ಎಂಬ ಒಂದು ಮಾತಿನಿಂದ ವಾಸಿಯಾಗಬಹುದಾದ ಎಷ್ಟು ಮಂದಿ ಮೂಲೆ ಹಿಡಿದಿರುವರೋ! ನಮ್ಮ ಅಜ್ಜಿಗೂ ಬಿ12 ಕಡಿಮೆಯಿತ್ತು. ಚುಚ್ಚುಮದ್ದು ಕೊಟ್ಟ ಮೇಲೆ ಕಾಲಿಗೆ ಬಲ ಬಂದಿತು, ಮುಖಕ್ಕೆ ಕಳೆ ಬಂದಿತು. ಮರೆವು ಮಾತ್ರ ಹೋಗಲಿಲ್ಲ. ಆಲ್ಝೈಮರ್ ಎಂದೇ ತೀರ್ಮಾನವಾಯಿತು.

ಔಷಧದ ವಿಷಯವನ್ನು ಬೇಗ ಹೇಳಿ ಮುಗಿಸುವೆನು, ಏಕೆಂದರೆ ಹೇಳುವುದು ಹೆಚ್ಚಿಲ್ಲ. ಡೊನೆಪೆಝಿಲ್, ಮೆಮಾಂಟಿನ್ ಮುಂತಾದ ಮಾತ್ರೆಗಳು ಕೆಲವರಲ್ಲಿ ಕೆಲಕಾಲ ಸ್ಥಿತಿಯನ್ನು ಹಿಡಿದು ನಿಲ್ಲಿಸುವುವು. ಹೋದ ನೆನಪನ್ನು ಮರಳಿ ತರಲಾರವು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಎಂಬ ಮದ್ದು ಅಮಿಲಾಯ್ಡನ್ನು ಕರಗಿಸಿ ರೋಗದ ವೇಗವನ್ನು ಸ್ವಲ್ಪ ತಗ್ಗಿಸುವುದು. ಆದರೆ ಅದು ಆರಂಭದ ಹಂತದವರಿಗೆ ಮಾತ್ರ. ಮೆದುಳಿನಲ್ಲಿ ಬಾವು, ರಕ್ತಸ್ರಾವಗಳ ಭಯವೂ ಇರುವುದರಿಂದ ಪದೇ ಪದೇ ಸ್ಕ್ಯಾನ್ ಆಗಬೇಕು. ಹೀಗಿರುವಲ್ಲಿ ರೋಗಿಯ ದಿನಗಳು ಹೇಗೆ ಸಾಗುವುವೆಂಬುದು ಬಹುಪಾಲು ಮನೆಯವರ ಕೈಯಲ್ಲಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿದ್ದ ಟಾಮ್ ಕಿಟ್‌ವುಡ್ ಎಂಬವನು 1997ರ ತನ್ನ ಪುಸ್ತಕದಲ್ಲಿ, ಮೆದುಳು ಸವೆದರೂ ವ್ಯಕ್ತಿ ವ್ಯಕ್ತಿಯೇ, ಸುತ್ತಲಿನವರು ನಡೆಸಿಕೊಳ್ಳುವ ಬಗೆಯಿಂದ ಅವರು ಉಳಿಯಲೂಬಹುದು ಕುಗ್ಗಲೂಬಹುದು ಎಂದು ವಾದಿಸಿದನು. ಇದು ಪುಸ್ತಕದ ಮಾತಷ್ಟೇ ಅಲ್ಲವೆಂದು ನಾನು ನನ್ನ ತಪ್ಪಿನಿಂದಲೇ ಕಲಿತೆ.

ಅಜ್ಜಿಗೆ ಸಂಜೆಯಾಯಿತೆಂದರೆ ತಳಮಳ ಹತ್ತುವುದು. ಎರಡು ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು, "ಹೊತ್ತು ಮುಳುಗ್ತಾ ಬಂತು, ನಮ್ಮವ್ವ ಕಾಯ್ತಾ ಇರ್ತಾಳೆ, ನಾನು ಹೋಗ್ತೀನಿ" ಎನ್ನುವರು. ನಾನು ವಿದ್ಯಾವಂತನೆಂಬ ಹಮ್ಮಿನಿಂದ, "ಅಜ್ಜಿ, ನಿಮ್ಮವ್ವ ಸತ್ತು ನಲವತ್ತು ವರ್ಷವಾಯಿತು" ಎಂದು ತಿದ್ದಿದೆ. ಅಜ್ಜಿ ಅಂದೇ ಸುದ್ದಿ ಕೇಳಿದವರಂತೆ ಎದೆ ಬಡಿದುಕೊಂಡು ಅತ್ತರು. ಅರ್ಧ ಗಂಟೆಯಲ್ಲಿ ಅದನ್ನು ಮರೆತು ಮತ್ತೆ ಗಂಟು ಹಿಡಿದು ಬಂದರು. ನಾನು ಮತ್ತೆ ತಿದ್ದಿದೆ; ಮತ್ತೆ ಅತ್ತರು. ಹೀಗೆ ಒಬ್ಬ ಮುದುಕಿಗೆ ಒಂದು ವಾರದಲ್ಲಿ ಎಷ್ಟು ಸಲ ತಾಯಿಯ ಸಾವಿನ ಸುದ್ದಿ ತಿಳಿಸಿದೆನೋ ನಾನರಿಯೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುವುದು. ಅಮ್ಮ ಯಾವ ಪುಸ್ತಕವನ್ನೂ ಓದಿದವರಲ್ಲ. ಒಂದು ಸಂಜೆ ಅವರು ನನ್ನನ್ನು ಪಕ್ಕಕ್ಕೆ ಸರಿಸಿ, "ಹೋಗೋಣಂತೆ ಅತ್ತೆ, ಒಂದು ಲೋಟ ಕಾಫಿ ಕುಡಿದು ಹೊರಡೋಣ. ನಿಮ್ಮೂರಲ್ಲಿ ಮನೆ ಮುಂದೆ ಏನು ಮರ ಇತ್ತು?" ಎಂದರು. ಅಜ್ಜಿ ಗಂಟನ್ನು ಕೆಳಗಿಟ್ಟು, ಹುಣಿಸೆಮರದ ಕಥೆ ಹೇಳುತ್ತ ಕುಳಿತರು. ವೈದ್ಯರು ಆಮೇಲೆ ಹೇಳಿಕೊಟ್ಟ ಉಪಾಯವೂ ಅದೇ: ಮಾತಿನ ತಪ್ಪನ್ನು ಹಿಡಿಯದೆ ಮಾತಿನ ಹಿಂದಿನ ಭಾವವನ್ನು ಹಿಡಿಯಬೇಕು, ಅಲ್ಲಿಂದ ಮೆಲ್ಲಗೆ ಬೇರೆ ಕಡೆಗೆ ತಿರುಗಿಸಬೇಕು. ಕತ್ತಲಾಗುವ ಮೊದಲೇ ದೀಪ ಹಾಕಿ ಮನೆಯಲ್ಲಿ ನೆರಳು ಬೀಳದಂತೆ ಮಾಡಿದರೆ ತಳಮಳ ಕಡಿಮೆಯಾಗುವುದೆಂದೂ ಹೇಳಿದರು. ನಮ್ಮಲ್ಲಿ ವಿದ್ಯುತ್ತು ಕೈಕೊಟ್ಟ ಸಂಜೆಗಳು ಬಲು ಕಷ್ಟದವು.

"ನಾನ್ಯಾರು ಹೇಳಿ ನೋಡೋಣ" ಎಂದು ಬಂದವರೆಲ್ಲ ಅಜ್ಜಿಗೆ ಪರೀಕ್ಷೆ ಒಡ್ಡುವರು. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಪರೀಕ್ಷೆಯಲ್ಲಿ ನಪಾಸಾಗುವ ದುಃಖ ನಮಗೇ ಗೊತ್ತು. ದಿನಕ್ಕೆ ಹತ್ತು ಸಲ ಆಗುವುದೆಂದರೇನು! "ಅಜ್ಜಿ, ನಾನು ನಿಮ್ಮ ಮೊಮ್ಮಗ, ಕಾಲೇಜಿನಿಂದ ಬಂದೆ" ಎಂದು ನಾವೇ ಹೇಳಿಬಿಡುವುದು ಲೇಸು. ಒಂದು ಸಲಕ್ಕೆ ಒಂದೇ ಮಾತು, ಎದುರಿಗೆ ನಿಂತು, ಮುಖ ಕಾಣುವಂತೆ. ಎಲೆಅಡಿಕೆ ಚೀಲದ ಕಳ್ಳತನಕ್ಕೆ ಅಪ್ಪ ಕಂಡುಹಿಡಿದ ಮದ್ದು ಸರಳವಾದುದು: ಅದೇ ಬಟ್ಟೆಯ ಇನ್ನೆರಡು ಚೀಲ ಹೊಲಿಸಿಟ್ಟರು. ಒಂದು ಕಾಣದಾದರೆ ಹುಡುಕಿದಂತೆ ಮಾಡಿ ಇನ್ನೊಂದನ್ನು ತಂದುಕೊಡುವರು.

ಸ್ನಾನ ದೊಡ್ಡ ಕದನವಾಗಿತ್ತು. ಬಟ್ಟೆ ಬಿಚ್ಚಿಸಲು ಬಂದವರು ಯಾರೆಂದೇ ತಿಳಿಯದ ಹೆಂಗಸು ಕೂಗಿ ಹೊಡೆದರೆ ಅದು ಹಟವಲ್ಲ, ಮಾನದ ಭಯ. ಹೆಗಲ ಮೇಲೆ ಒಂದು ಟವಲು ಹೊದಿಸಿ, ನೀರನ್ನು ಮೊದಲು ಕೈಗೆ ಮುಟ್ಟಿಸಿ, ಪಾದದಿಂದ ಮೇಲಕ್ಕೆ ಹಾಕುತ್ತ ಬಂದರೆ ಒಪ್ಪುವರು. ಒಪ್ಪದ ದಿನ ಮೈ ಒರೆಸಿ ಬಿಟ್ಟರೂ ಸಾಕು; ದಿನವೂ ತಲೆಯ ಮೇಲೆ ನೀರು ಬೀಳಲೇಬೇಕೆಂಬ ನಮ್ಮ ಮಡಿಯೇ ಅರ್ಧ ಜಗಳಕ್ಕೆ ಕಾರಣ. ಬಾವಿಗೆ ಮುಚ್ಚಳ ಮಾಡಿಸಿದೆವು. ಗ್ಯಾಸಿನ ಗುಂಡಿಯನ್ನು ಸಿಲಿಂಡರಿನ ಹತ್ತಿರವೇ ಆರಿಸಿಡುವುದು ರೂಢಿಯಾಯಿತು. ಹೆಸರು, ಊರು, ಫೋನ್ ಸಂಖ್ಯೆ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರವಿಕೆಯ ಒಳಗೆ ಹೊಲಿದಿದ್ದೇವೆ. 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಅವರ ಪಾತ್ರ ಬೀದಿಯಲ್ಲಿ ಕಳೆದುಹೋಗುವುದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಅದು ಕಥೆಯ ಅನುಕೂಲಕ್ಕೆ ಕಟ್ಟಿದ ಘಟನೆಯಲ್ಲ. ನಮ್ಮ ಅಜ್ಜಿಯೂ ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಿದರು.

ಇನ್ನೊಂದು ಸಂಗತಿಯನ್ನು ಮರೆಯದೆ ಹೇಳಬೇಕು. ಈ ರೋಗ ತಿಂಗಳು ವರ್ಷಗಳ ಲೆಕ್ಕದಲ್ಲಿ ನಡೆಯುವಂಥದು. ಒಂದೆರಡು ದಿನಗಳಲ್ಲಿ ರೋಗಿ ಥಟ್ಟನೆ ಗೊಂದಲಗೊಂಡು, ಕನವರಿಸಿ, ಇಲ್ಲವೆ ಮಂಪರು ಹಿಡಿದು ಬಿದ್ದರೆ ಅದು ರೋಗ ಬಲಿತುದೆಂದು ಕೈಕಟ್ಟಿ ಕೂಡಬಾರದು. ಮೂತ್ರದ ಸೋಂಕು, ಮಲಬದ್ಧತೆ, ನೀರಡಿಕೆ, ಹೊಸ ಮಾತ್ರೆ ಇಂಥವು ಕಾರಣವಾಗಿರಬಹುದು. ಒಡನೆ ವೈದ್ಯರಲ್ಲಿಗೆ ಹೋಗಬೇಕು. ಬಾಯಾರಿಕೆಯೆಂದು ಹೇಳಲು ಅವರಿಗೆ ತೋಚದು. ಕಳೆದ ಬೇಸಿಗೆಯಲ್ಲಿ ಅಜ್ಜಿಗೆ ಹೀಗೆಯೇ ಆಗಿ, ಸೋಂಕಿಗೆ ಔಷಧಿ ಬಿದ್ದ ನಾಲ್ಕನೆಯ ದಿನ ಎದ್ದು ಕುಳಿತು ಎಲೆಅಡಿಕೆ ಕೇಳಿದರು.

ಈಗ ಅಮ್ಮನ ಮಾತು. ರೋಗಿಯನ್ನು ಎಲ್ಲರೂ ವಿಚಾರಿಸುವರು. ನೋಡಿಕೊಳ್ಳುವವರನ್ನು ವಿಚಾರಿಸುವವರು ಕಡಿಮೆ. ಅಮೆರಿಕದಲ್ಲಿ 1981ರಲ್ಲಿ ಇಂಥ ಮನೆಯವರಿಗಾಗಿ ಬಂದ ಒಂದು ಪ್ರಸಿದ್ಧ ಪುಸ್ತಕದ ಹೆಸರೇ ಮೂವತ್ತಾರು ಗಂಟೆಗಳ ದಿನ ಎಂಬರ್ಥದ್ದು. ಅಜ್ಜಿ ರಾತ್ರಿ ಮೂರು ಸಲ ಏಳುವರು. ಮೂರು ಸಲವೂ ಅಮ್ಮ ಏಳುವರು. ಹಗಲು ದನ, ಅಡಿಗೆ, ತೋಟದ ಆಳುಗಳ ಊಟ. ಅತ್ತೆಯಂದಿರು ಹಬ್ಬಕ್ಕೆ ಬಂದು ಎರಡು ಗಂಟೆ ಕುಳಿತು ಹೋಗುವರು. ಆ ಎರಡು ಗಂಟೆ ಅಜ್ಜಿ ನಕ್ಕು ಮಾತನಾಡುವರು, ಏಕೆಂದರೆ ಹೊಸಬರ ಎದುರಿಗೆ ಸ್ವಲ್ಪ ಹೊತ್ತು ಸಾವರಿಸಿಕೊಳ್ಳುವುದು ಈ ರೋಗಿಗಳಿಗೆ ಸಾಧ್ಯ. "ಅವ್ವ ಚೆನ್ನಾಗೇ ಇದ್ದಾಳಲ್ಲ" ಎಂದು ಹೇಳಿ ಅವರು ಹೊರಟಾಗ ಅಮ್ಮನ ಮುಖವನ್ನು ನೋಡಬೇಕಿತ್ತು. ಅಮ್ಮನಿಗೆ ರಕ್ತದೊತ್ತಡವಿರುವುದು ತಿಳಿದದ್ದು ಅಜ್ಜಿಯ ಜೊತೆಗೆ ಆಸ್ಪತ್ರೆಗೆ ಹೋದಾಗ. ಸಿಟ್ಟು ಬಂದು ಅಜ್ಜಿಯ ಕೈಯನ್ನು ಜೋರಾಗಿ ಎಳೆದ ದಿನ ಅಮ್ಮ ಊಟ ಮಾಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಸೊಸೆಯ ಧರ್ಮವೆಂದು ಹೇಳಿ ಇಡೀ ಭಾರವನ್ನು ಒಬ್ಬ ಹೆಂಗಸಿನ ಮೇಲೆ ಹೊರಿಸಿ, ಅವಳು ದಣಿದರೆ ಅದನ್ನೂ ಅವಳ ತಪ್ಪೆನ್ನುವ ನಮ್ಮ ಮನೆತನಗಳ ಪದ್ಧತಿಯನ್ನು ದೂರುವೆನು. ಅದರಲ್ಲಿ ಅಪ್ಪನೂ ನಾನೂ ಸೇರಿದ್ದೇವೆ.

ಇದಕ್ಕೆ ಪರಿಹಾರವು ದೊಡ್ಡ ಆಸ್ಪತ್ರೆಗಳಿಂದಲೇ ಬರಬೇಕೆಂದಿಲ್ಲ. ನಮ್ಮ ನೆರೆಯ ಗೋವೆಯಲ್ಲಿ ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು 81 ಕುಟುಂಬಗಳ ಮೇಲೆ ಒಂದು ಪ್ರಯೋಗ ನಡೆಸಿ 2008ರಲ್ಲಿ ಪ್ರಕಟಿಸಿದರು. ಸ್ಥಳೀಯರಿಗೆ ಸ್ವಲ್ಪ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಅವರು ರೋಗದ ವಿಷಯ ತಿಳಿಸಿ, ದಿನನಿತ್ಯದ ತೊಡಕುಗಳಿಗೆ ಉಪಾಯ ಹೇಳಿ, ನೋಡಿಕೊಳ್ಳುವವರ ಅಳಲನ್ನು ಕೇಳಿ ಬರುವರು. ಆರು ತಿಂಗಳಲ್ಲಿ ಆ ಮನೆಗಳ ಆರೈಕೆದಾರರ ಮನಸ್ಸಿನ ಆರೋಗ್ಯ ಗಮನಾರ್ಹವಾಗಿ ಸುಧಾರಿಸಿತು. ಡಿಗ್ರಿ ಓದುತ್ತಿರುವ ನಮ್ಮಂಥವರು ಇಂಥ ಕೆಲಸಕ್ಕೆ ಆಗದವರೇನಲ್ಲ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಇದನ್ನೂ ಏಕೆ ಸೇರಿಸಬಾರದೆಂದು ಅಧ್ಯಾಪಕರನ್ನು ಕೇಳಿಕೊಳ್ಳುವೆನು. ಕೆಲಸಕ್ಕೆ ಕೊರತೆಯಿಲ್ಲ. 2023ರಲ್ಲಿ ಹೊರಬಂದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ ಈ ಸ್ಥಿತಿಯಲ್ಲಿರುವರು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನೆರವು ಬೇಕಾದವರಿಗೆ ಕೆಲವು ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಅಲ್ಲಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಶಿಯ ರೋಗಿಗಳ ಆರೈಕೆಯಲ್ಲಿ ತೊಡಗಿದೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎ.ಆರ್.ಡಿ.ಎಸ್.ಐ. ಎಂಬ ಸಂಸ್ಥೆಯ ಶಾಖೆಗಳು ಹಲವು ಊರುಗಳಲ್ಲಿವೆ. ಮನಸ್ಸು ಕುಸಿದ ರಾತ್ರಿ ಮಾತನಾಡಲು ಸರ್ಕಾರದ ಟೆಲಿ ಮಾನಸ್, ಸಂಖ್ಯೆ 14416, 2022ರಿಂದ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಅಮ್ಮ ಅಡಿಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ.

ನಮಗೂ ಬರಬಾರದೆಂದರೆ ಏನು ಮಾಡಬೇಕೆಂದು ಗೆಳೆಯರು ಕೇಳುವರು. ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರಲ್ಲಿ 14 ಕಾರಣಗಳನ್ನು ಪಟ್ಟಿಮಾಡಿ, ಇವನ್ನೆಲ್ಲ ನಿವಾರಿಸಿದರೆ ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಬತ್ತಿ, ಮದ್ಯ, ತಲೆಪೆಟ್ಟು, ಒಂಟಿತನ ಇವು ಅದರಲ್ಲಿವೆ. ಕಿವುಡು, ಕಣ್ಣಿನ ಮಂಜು ಮತ್ತು ಬಾಲ್ಯದ ವಿದ್ಯೆಯ ಕೊರತೆ ಕೂಡ ಇವೆ. ಹೈದರಾಬಾದಿನಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಭ್ಯಸಿಸಿ, ಎರಡು ಭಾಷೆ ಬಲ್ಲವರಿಗೆ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ತೋರಿಸಿದರು. ಅಕ್ಷರ ಬಾರದವರಲ್ಲಿಯೂ ಹಾಗೆಯೇ ಇತ್ತು. ಇಂಗ್ಲಿಷ್ ತರಗತಿಗೆ ಚಕ್ಕರ್ ಹೊಡೆಯುವ ಮಿತ್ರರು ಇದನ್ನು ಆಲೋಚಿಸಲಿ.

ಈ ವರ್ಷದಿಂದ ನಮ್ಮ ಮನೆಯಲ್ಲಿ ಪಾಳಿ ಮಾಡಿಕೊಂಡಿದ್ದೇವೆ. ಹಿರಿಯ ಅತ್ತೆಯ ಮುಂದೆ ಅಪ್ಪ ಗಟ್ಟಿ ಮನಸ್ಸು ಮಾಡಿ ಮಾತನಾಡಿದ ಮೇಲೆ, ತಿಂಗಳಿಗೆ ನಾಲ್ಕು ದಿನ ಅವರು ಬಂದು ಉಳಿಯುವರು. ಮೊದಲ ರಾತ್ರಿಯೇ ಅವರಿಗೆ ನಿಜ ತಿಳಿಯಿತು. ಬೆಳಿಗ್ಗೆ ಅಮ್ಮನ ಹತ್ತಿರ ಏನೂ ಹೇಳದೆ ಅಂಗಳ ತಾವೇ ಗುಡಿಸಿದರು. ಅಮ್ಮ ಏಳು ವರ್ಷಗಳ ಮೇಲೆ ತಮ್ಮ ತವರಿನ ಮದುವೆಗೆ ಹೋಗಿ ಎರಡು ರಾತ್ರಿ ಇದ್ದು ಬಂದರು. ಸಂಜೆಯ ಹೊತ್ತು ನನ್ನದು. ಅಜ್ಜಿ ಈಗ ನನ್ನನ್ನು ತಮ್ಮ ಅಣ್ಣನೆಂದು ತಿಳಿದಿದ್ದಾರೆ, "ಅಣ್ಣಯ್ಯ, ಗಾಡಿ ಕಟ್ಟಿದ್ಯಾ?" ಎನ್ನುವರು. "ಎತ್ತಿಗೆ ಹುಲ್ಲು ಹಾಕಿದ್ದೀನಿ, ತಿಂದ ಮೇಲೆ ಕಟ್ಟೋಣ" ಎನ್ನುವೆನು. ಆಮೇಲೆ ಒಂದು ಮೊರದಲ್ಲಿ ಅವರೆಕಾಯಿಯನ್ನೋ ಹುಣಿಸೆಹಣ್ಣನ್ನೋ ಮುಂದಿಡುವೆನು. ಅವರ ಬೆರಳುಗಳಿಗೆ ಆ ಕೆಲಸ ಇನ್ನೂ ಮರೆತಿಲ್ಲ. ಆದುದರಿಂದಲೇ ಕಾಲೇಜು ಬಿಟ್ಟೊಡನೆ ಕ್ರಿಕೆಟ್ಟಿಗೆ ನಿಲ್ಲದೆ ಐದು ಗಂಟೆಯ ಬಸ್ಸಿಗೆ ನಾನು ಓಡುವುದನ್ನು ಸಹಪಾಠಿಗಳು ಕಂಡಿರಬಹುದು. ಅದು ತಪ್ಪಿದರೆ ಮುಂದಿನದು ಏಳಕ್ಕೆ.